ಮೊಣಕಾಲು ನೋವಿಗೆ ಮೂರು ಅಂಕ

ಕೆಲವು ವರ್ಷಗಳ ಹಿಂದೆ ಒಂದು ಆರೋಗ್ಯ ಸರ್ವೆಗಾಗಿ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ ಮಾಡುತ್ತಿದ್ದೆ. ಕೈಯಲ್ಲಿ ಒಂಬತ್ತು ಪ್ರಶ್ನೆಗಳ ಒಂದು ಹಾಳೆ. ಕಳೆದ ಎರಡು ವಾರದಲ್ಲಿ ಈ ತೊಂದರೆ ನಿಮ್ಮನ್ನು ಎಷ್ಟು ದಿನ ಕಾಡಿತು ಅಂತ ಕೇಳಬೇಕು. ಇಲ್ಲವೇ ಇಲ್ಲ ಅಂದರೆ 0. ಕೆಲವು ದಿನ ಅಂದರೆ 1. ಅರ್ಧಕ್ಕಿಂತ ಜಾಸ್ತಿ ದಿನ ಅಂದರೆ 2. ಹೆಚ್ಚುಕಡಿಮೆ ದಿನವೂ ಅಂದರೆ 3. ಕೊನೆಗೆ ಎಲ್ಲ ಕೂಡಿಸಬೇಕು. ಮೊತ್ತ 10 ಅಥವಾ ಅದಕ್ಕಿಂತ ಮೇಲೆ ಬಂದರೆ ಖಿನ್ನತೆ ಇರಬಹುದು ಅಂತ ಗುರುತು ಹಾಕಬೇಕು.

ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಸಿಕ್ಕರು. ಮಾತಿನಲ್ಲಿ ಚುರುಕು, ಮುಖದಲ್ಲಿ ನಗು. ನಿದ್ದೆಯ ಪ್ರಶ್ನೆ ಕೇಳಿದೆ. "ನಿದ್ದೆ ಎಲ್ಲಿ ಬರುತ್ತೆ ಮಗಳೇ, ಮಗ್ಗುಲು ಬದಲಿಸಿದರೆ ಸಾಕು, ಮೊಣಕಾಲು ಪ್ರಾಣ ಹಿಂಡುತ್ತೆ" ಅಂದರು. 3 ಬರೆದೆ. ಸುಸ್ತು ಆಗುತ್ತದೆಯೇ? ರಾತ್ರಿ ನಿದ್ದೆ ಇಲ್ಲದ ಮೇಲೆ ಹಗಲು ಸುಸ್ತಾಗದೇ ಇರುತ್ತಾ? ಇನ್ನೊಂದು 3. ಬೇರೆಯವರ ಕಣ್ಣಿಗೆ ಬೀಳುವಷ್ಟು ನಿಧಾನವಾಗಿ ಓಡಾಡುತ್ತಿದ್ದೀರಾ ಅಂತ ಒಂದು ಪ್ರಶ್ನೆ ಇದೆ. ಅಜ್ಜಿ ಪಕ್ಕದಲ್ಲಿದ್ದ ಕೋಲು ತೋರಿಸಿದರು. ಮತ್ತೆ 3. ಊಟ ಅಷ್ಟಕ್ಕಷ್ಟೇ ಅಂದರು. ನೋವಿನ ಮಾತ್ರೆ ನುಂಗಿದ ದಿನ ಹೊಟ್ಟೆ ಉರಿಯುತ್ತದಂತೆ. ಅದಕ್ಕೆ 1. ಒಟ್ಟು 10.

ಮನಸ್ಸಿಗೆ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬದುಕೇ ಬೇಡ ಅನ್ನಿಸುವುದು, ಇವೆಲ್ಲಕ್ಕೂ ಅವರು ಖಡಾಖಂಡಿತವಾಗಿ ಇಲ್ಲ ಅಂದಿದ್ದರು. ಆದರೂ ನನ್ನ ಹಾಳೆಯ ಲೆಕ್ಕದಲ್ಲಿ ಆ ಅಜ್ಜಿಗೆ ಖಿನ್ನತೆ ಇರಬಹುದು. ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ 'ಮೊಣಕಾಲು' ಅಂತ ಬರೆದಿಟ್ಟೆ. ಆಮೇಲೆ ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವಾಗ ಆ ಮಾತಿಗೆ ಕಾಲಮ್ ಇರಲಿಲ್ಲ. 10 ಮಾತ್ರ ಒಳಗೆ ಹೋಯಿತು.

ಆ ಪ್ರಶ್ನಾವಳಿಯ ಹೆಸರು ಪಿಎಚ್‌ಕ್ಯೂ-9. ಅದು ಕೆಟ್ಟದ್ದು ಅಂತ ನಾನು ಖಂಡಿತ ಹೇಳುತ್ತಿಲ್ಲ. 2001ರಲ್ಲಿ ಅದರ ಬಗ್ಗೆ ಮೊದಲ ದೊಡ್ಡ ಪ್ರಬಂಧ ಬಂತು. ಅಲ್ಲಿಂದ ಇಲ್ಲಿಯವರೆಗೆ ಲೆಕ್ಕವಿಲ್ಲದಷ್ಟು ಕಡೆ ಅದನ್ನು ಪರೀಕ್ಷೆಗೆ ಒಡ್ಡಿದ್ದಾರೆ. ಕ್ಲಿನಿಕ್ಕಿಗೆ ಬಂದವರಲ್ಲಿ ಯಾರ ಜೊತೆ ಡಾಕ್ಟರು ಇನ್ನೂ ಸ್ವಲ್ಪ ಹೊತ್ತು ಕೂತು ಮಾತಾಡಬೇಕು ಅಂತ ಆರಿಸುವುದಕ್ಕೆ ಅದು ಒಳ್ಳೆಯ ಸಾಧನ. 10 ಬಂದ ಮೇಲೆ ಡಾಕ್ಟರು ಮಾತಾಡುತ್ತಾರೆ, ಮೊಣಕಾಲಿನ ವಿಷಯ ಹೊರಗೆ ಬರುತ್ತದೆ. ನಮ್ಮ ಸರ್ವೆಯಲ್ಲಿ ಆ ಎರಡನೇ ಹೆಜ್ಜೆ ಇರಲಿಲ್ಲ. ಮೊತ್ತವೇ ತೀರ್ಪಾಯಿತು.

ಅವತ್ತಿನಿಂದ ಯಾವ ಸಂಶೋಧನೆ ಓದಿದರೂ ನಾನು ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಅಂಕಿ ಬೇರೆ ಯಾವ ಕಾರಣಕ್ಕೆ ಏರಿರಬಹುದು? ಕಾಲಮ್ಮಿನ ತಲೆಯ ಮೇಲೆ 'ಖಿನ್ನತೆ' ಅಂತ ಬರೆದಿರುತ್ತದೆ. 'ಬುದ್ಧಿಮತ್ತೆ', 'ಆತ್ಮಸಂಯಮ', 'ಆರೋಗ್ಯದ ಅಗತ್ಯ' ಅಂತಲೂ ಇರಬಹುದು. ಆ ಹೆಸರನ್ನು ಇಟ್ಟವರು ನಾವು. ಕೆಳಗಿರುವ ಅಂಕಿಗಳು ಆ ಹೆಸರಿಗೆ ತಕ್ಕಂತೆ ನಡೆದುಕೊಳ್ಳುತ್ತವೆಯೇ ಅನ್ನುವುದನ್ನು ಬೇರೆಯಾಗಿಯೇ ತೋರಿಸಿಕೊಡಬೇಕು.

ಇದಕ್ಕೆ ಕನ್ನಡದಲ್ಲಿ ಸಪ್ರಮಾಣತೆ, ಸಿಂಧುತ್ವ ಅಂತೆಲ್ಲ ಶಬ್ದಗಳಿವೆ. ಕೆಲಸದಲ್ಲಿ ನಾವು ವ್ಯಾಲಿಡಿಟಿ ಅಂತಲೇ ಅನ್ನುತ್ತೇವೆ. ಇದರ ಜೊತೆಗೆ ಯಾವಾಗಲೂ ಬರುವ ಇನ್ನೊಂದು ಶಬ್ದ ರಿಲಯಬಿಲಿಟಿ, ಅಂದರೆ ವಿಶ್ವಾಸಾರ್ಹತೆ. ಅಳತೆ ಸ್ಥಿರವಾಗಿದೆಯಾ, ಇವತ್ತು ಒಂದು ನಾಳೆ ಒಂದು ಹೇಳುವುದಿಲ್ಲ ತಾನೇ, ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯಾ ಅಂತ ನೋಡುವುದು. ಎಷ್ಟೋ ಪ್ರಬಂಧಗಳು ಇಲ್ಲಿಗೇ ನಿಂತುಬಿಡುತ್ತವೆ. ಲೀ ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದ, ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಆಲ್ಫಾ ಅನ್ನುವ ಅಂಕಿಯನ್ನು ಕೊಡುತ್ತಾರೆ. 0.7ಕ್ಕಿಂತ ಮೇಲಿದೆ, ನಮ್ಮ ಅಳತೆ ಚೆನ್ನಾಗಿದೆ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ.

ಆದರೆ ಒಂದು ಕೆಲಸ ಮಾಡಿ ನೋಡಿ. ಮೊಣಕಾಲು ನೋವಿನ ಬಗ್ಗೆಯೇ ಒಂಬತ್ತು ರೀತಿಯಲ್ಲಿ ಕೇಳಿ. ಮೆಟ್ಟಿಲು ಹತ್ತುವಾಗ ನೋಯುತ್ತದೆಯಾ, ಇಳಿಯುವಾಗ ನೋಯುತ್ತದೆಯಾ, ಕೂತು ಏಳುವಾಗ ನೋಯುತ್ತದೆಯಾ ಅಂತ. ಹಾಳೆಯ ತಲೆಗೆ 'ಖಿನ್ನತೆಯ ಮಾಪಕ' ಅಂತ ಬರೆಯಿರಿ. ನೋವಿರುವವರು ಎಲ್ಲಕ್ಕೂ ಹೌದು ಅನ್ನುತ್ತಾರೆ, ಇಲ್ಲದವರು ಎಲ್ಲಕ್ಕೂ ಇಲ್ಲ ಅನ್ನುತ್ತಾರೆ. ಆಲ್ಫಾ ತುಂಬ ಚೆನ್ನಾಗಿ ಬರುತ್ತದೆ. ಮುಂದಿನ ವಾರ ಕೇಳಿದರೂ ಅದೇ ಉತ್ತರ. ಆ ಹಾಳೆಯಲ್ಲಿ ಸ್ಥಿರತೆ ಬೇಕಾದಷ್ಟಿದೆ, ಖಿನ್ನತೆ ಮಾತ್ರ ಎಲ್ಲೂ ಇಲ್ಲ.

ಖಿನ್ನತೆಯ ಮಾಪಕಗಳ ವಿಷಯದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನನಗೆ ಹತ್ತಿರದಿಂದ ಗೊತ್ತಿರುವುದು ಅದೇ. ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಒಂದು ಮಾಪಕ ತಂದರು. ದಶಕಗಳ ಕಾಲ ಖಿನ್ನತೆಯ ಔಷಧಿಗಳನ್ನು ಪರೀಕ್ಷಿಸಿದ್ದು ಹೆಚ್ಚಾಗಿ ಅದರಿಂದಲೇ. ಅದರ 17 ಅಂಶಗಳಲ್ಲಿ ಮೂರು ಬರೀ ನಿದ್ದೆಯ ಬಗ್ಗೆ. ಮಲಗಿದ ಕೂಡಲೇ ನಿದ್ದೆ ಬರುತ್ತಾ, ನಡುರಾತ್ರಿ ಎಚ್ಚರ ಆಗುತ್ತಾ, ಬೆಳಗಿನ ಜಾವವೇ ಕಣ್ಣು ಬಿಡುತ್ತಾ ಅಂತ. ಒಂದೊಂದಕ್ಕೆ 2ರಂತೆ ಒಟ್ಟು 6 ಅಂಕ. ಈಗ ಒಂದು ಮಾತ್ರೆ ಇದೆ ಅಂದುಕೊಳ್ಳಿ. ಮನಸ್ಸಿನ ಭಾರಕ್ಕೆ ಅದು ಏನೂ ಮಾಡುವುದಿಲ್ಲ. ಆದರೆ ನಿದ್ದೆ ಬರಿಸುತ್ತದೆ. ಅಷ್ಟಕ್ಕೇ ಸ್ಕೋರು ಹಲವು ಅಂಕ ಇಳಿಯುತ್ತದೆ. ಔಷಧಿಗೂ ಸಕ್ಕರೆ ಗುಳಿಗೆಗೂ ನಡುವಿನ ವ್ಯತ್ಯಾಸವನ್ನು ಎರಡು ಮೂರು ಅಂಕಗಳಲ್ಲಿ ಹುಡುಕುವ ಕ್ಷೇತ್ರದಲ್ಲಿ ಇದು ಸಣ್ಣ ವಿಷಯ ಅಲ್ಲ. ಇದನ್ನು ಯೋಚಿಸಿದವರು ಇಲ್ಲದೇ ಇಲ್ಲ. 1983ರಲ್ಲಿ ಝಿಗ್ಮಂಡ್ ಮತ್ತು ಸ್ನೇಥ್ ಆಸ್ಪತ್ರೆಯ ರೋಗಿಗಳಿಗಾಗಿ ಒಂದು ಮಾಪಕ ಮಾಡಿದಾಗ ನಿದ್ದೆ, ಹಸಿವಿನಂಥ ದೇಹದ ಲಕ್ಷಣಗಳನ್ನು ಬೇಕೆಂದೇ ದೂರ ಇಟ್ಟರು. ಕಾಯಿಲೆ ಬಿದ್ದವನಿಗೆ ನಿದ್ದೆ ಬರದಿರುವುದಕ್ಕೆ ನೂರು ಕಾರಣ ಇರುತ್ತದೆ ಅಂತ ಅವರಿಗೆ ಗೊತ್ತಿತ್ತು.

2017ರಲ್ಲಿ ಐಕೋ ಫ್ರೀಡ್ ಅನ್ನುವ ಸಂಶೋಧಕ, ಹೆಚ್ಚು ಬಳಕೆಯಲ್ಲಿರುವ ಏಳು ಖಿನ್ನತೆಯ ಮಾಪಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಎಲ್ಲ ಸೇರಿ 52 ಬೇರೆ ಬೇರೆ ಲಕ್ಷಣಗಳು ಸಿಕ್ಕವು. ಏಳರಲ್ಲೂ ಇದ್ದ ಲಕ್ಷಣಗಳು ಶೇಕಡಾ 12 ಮಾತ್ರ. ಶೇಕಡಾ 40ರಷ್ಟು ಲಕ್ಷಣಗಳು ಒಂದೇ ಒಂದು ಮಾಪಕದಲ್ಲಿದ್ದವು. ಒಬ್ಬರು ಒಂದು ಮಾಪಕ ಹಿಡಿದು ಖಿನ್ನತೆ ಕಡಿಮೆಯಾಯಿತು ಅನ್ನುತ್ತಾರೆ, ಇನ್ನೊಬ್ಬರು ಮತ್ತೊಂದು ಹಿಡಿದು ಆಗಲಿಲ್ಲ ಅನ್ನುತ್ತಾರೆ. ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಜಗಳ ಆಡುತ್ತಿದ್ದಾರೆಯೇ ಅನ್ನುವುದೇ ಗೊತ್ತಾಗುವುದಿಲ್ಲ.

ಕಣ್ಣಿಗೆ ಕಾಣದ ವಸ್ತುವನ್ನು ಅಳೆಯುವಾಗ ಇದು ಇದ್ದದ್ದೇ, ಮನಸ್ಸಿನ ವಿಷಯವೇ ಹೀಗೆ ಅಂತ ಕೆಲವರು ಕೈ ಚೆಲ್ಲುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಇವತ್ತು ಯಾರೂ ಅನುಮಾನಿಸದ ಅಳತೆಗಳಿಗೂ ಒಮ್ಮೆ ಇದೇ ಪಾಡಾಗಿತ್ತು. ಥರ್ಮಾಮೀಟರನ್ನೇ ತೆಗೆದುಕೊಳ್ಳಿ.

ಡೇನಿಯಲ್ ಫ್ಯಾರನ್‌ಹೀಟ್ ತನ್ನ ಮಾಪಕದ ಬಗ್ಗೆ ಬರೆದದ್ದು 1724ರಲ್ಲಿ, ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ. ಸೆಲ್ಸಿಯಸ್ ಮಾಪಕದಲ್ಲಿ ನೀರು ಹೆಪ್ಪುಗಟ್ಟುವ ಬಿಂದುವಿಗೆ ಒಂದು ಗೆರೆ, ಕುದಿಯುವ ಬಿಂದುವಿಗೆ ಒಂದು ಗೆರೆ, ನಡುವೆ ನೂರು ಸಮ ಭಾಗ. ನೋಡಲು ಸುಲಭ. ಆದರೆ ನಡುವಿನ 50ನೇ ಗೆರೆ ನಿಜವಾಗಿಯೂ ಅರ್ಧ ದಾರಿಯೇ? ಪಾದರಸ ಎಲ್ಲ ಕಡೆ ಒಂದೇ ಸಮನೆ ಹಿಗ್ಗಿದರೆ ಮಾತ್ರ ಹೌದು. ಅದು ಒಂದೇ ಸಮನೆ ಹಿಗ್ಗುತ್ತದೆ ಅಂತ ತಿಳಿಯುವುದು ಹೇಗೆ? ಉಷ್ಣತೆಯನ್ನು ಅಳೆದು ನೋಡಬೇಕು. ಅಳೆಯುವುದಕ್ಕೆ ಇರುವುದು ಅದೇ ಥರ್ಮಾಮೀಟರು! ಪಾದರಸದ ಕೊಳವೆ ಒಂದು ಹೇಳಿದರೆ ಸ್ಪಿರಿಟ್ಟಿನ ಕೊಳವೆ ನಡುವೆ ಬೇರೆ ಹೇಳುತ್ತಿತ್ತು. ಯಾವುದನ್ನು ನಂಬುವುದು?

ಆಗಿನವರು ಹೇಗೆ ಹೊರಗೆ ಬಂದರು ಅನ್ನುವುದು ನನಗೆ ಯಾವತ್ತೂ ಮೈ ಜುಮ್ಮೆನ್ನಿಸುವ ಕಥೆ. ಜಿನೀವಾದ ಜಾನ್ ಆಂದ್ರೆ ದಲ್ಯೂಕ್ 1772ರಲ್ಲಿ ಬಿಸಿ ನೀರು ತಣ್ಣೀರು ಬೆರೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಸಮ ತೂಕದ ಎರಡು ನೀರು ಬೆರೆಸಿದರೆ ಉಷ್ಣತೆ ನಡುವೆ ಬರಬೇಕು. ಯಾವ ಕೊಳವೆ ಆ ನಡುವಿಗೆ ಹತ್ತಿರ ನಿಲ್ಲುತ್ತದೆ ನೋಡೋಣ ಅಂತ. ಪಾದರಸ ಗೆದ್ದಿತು. ಆದರೆ ಆ ಲೆಕ್ಕದಲ್ಲೂ ಒಂದು ನಂಬಿಕೆ ಅಡಗಿತ್ತು. ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಎಲ್ಲ ಹಂತದಲ್ಲೂ ಅಷ್ಟೇ ಶಾಖ ಬೇಕು ಅನ್ನುವ ನಂಬಿಕೆ. ಅದು ಪೂರ್ತಿ ಸರಿಯಲ್ಲ. 1840ರ ದಶಕದಲ್ಲಿ ಪ್ಯಾರಿಸ್ಸಿನ ವಿಕ್ತೋರ್ ರೆನ್ಯೋ ಬೇರೆ ದಾರಿ ಹಿಡಿದರು. ಯಾವ ಸಿದ್ಧಾಂತವೂ ಬೇಡ, ಒಂದೇ ಜಾತಿಯ ಎರಡು ಥರ್ಮಾಮೀಟರುಗಳು ತಮ್ಮ ತಮ್ಮಲ್ಲೇ ಒಪ್ಪುತ್ತವೆಯೇ ನೋಡೋಣ ಅಂದರು. ಪಾದರಸದವು ಗಾಜಿನ ಜಾತಿ ಬದಲಾದರೆ ಬೇರೆ ಬೇರೆ ಹೇಳಿದವು. ಗಾಳಿ ತುಂಬಿದವು ಮೇಲಾಗಿ ನಿಂತವು. ಇನ್ನೊಂದು ಕಡೆಯಿಂದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, 1848ರಲ್ಲಿ ಯಾವ ದ್ರವಕ್ಕೂ ಯಾವ ಅನಿಲಕ್ಕೂ ಅಂಟಿಕೊಳ್ಳದ ಉಷ್ಣತೆಯ ವ್ಯಾಖ್ಯೆಯೊಂದನ್ನು ಮುಂದಿಟ್ಟರು.

ಸುಮಾರು ನೂರು ವರ್ಷ ಹಿಡಿಯಿತು. ಅಳತೆ ಸಿದ್ಧಾಂತವನ್ನು ತಿದ್ದಿತು, ಸಿದ್ಧಾಂತ ಅಳತೆಯನ್ನು ತಿದ್ದಿತು. ಆ ನೂರು ವರ್ಷದಲ್ಲಿ ಅವರು ಒಂದು ತಪ್ಪು ಮಾಡಲಿಲ್ಲ. 'ಪಾದರಸ ಏನು ಹೇಳುತ್ತದೋ ಅದೇ ಉಷ್ಣತೆ' ಅಂತ ಹೇಳಿ ಬಾಗಿಲು ಹಾಕಿಕೊಳ್ಳಲಿಲ್ಲ. ಮನೋವಿಜ್ಞಾನದಲ್ಲಿ ಆ ಬಾಗಿಲನ್ನು ಹಾಕಿದ್ದುಂಟು. 1923ರಲ್ಲಿ ಎಡ್ವಿನ್ ಬೋರಿಂಗ್, ಬುದ್ಧಿಮತ್ತೆಯ ಪರೀಕ್ಷೆಗಳು ಏನನ್ನು ಪರೀಕ್ಷಿಸುತ್ತವೋ ಅದೇ ಬುದ್ಧಿಮತ್ತೆ ಎಂಬ ಅರ್ಥದ ಮಾತು ಬರೆದರು. ಮುಂದಿನ ಸಂಶೋಧನೆ ಆಗುವವರೆಗೆ ಇದೊಂದು ಆರಂಭ ಅಂತ ಅವರ ಉದ್ದೇಶ ಇತ್ತು. ಆದರೆ ಜನ ಹಿಡಿದುಕೊಂಡದ್ದು ಮೊದಲ ಅರ್ಧವನ್ನು.

ಆ ಪರೀಕ್ಷೆಗಳ ಕಥೆ ನೋವಿನದು. 1904ರಲ್ಲಿ ಫ್ರಾನ್ಸಿನ ಸರಕಾರ ಒಂದು ಆಯೋಗ ಮಾಡಿತ್ತು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ವಿಶೇಷ ಕಲಿಕೆ ಕೊಡಬೇಕು, ಯಾರಿಗೆ ಬೇಕು ಅಂತ ಗುರುತಿಸಬೇಕು. ಆ ಕೆಲಸಕ್ಕಾಗಿ 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ 30 ಸಣ್ಣ ಸಣ್ಣ ಕೆಲಸಗಳ ಒಂದು ಸರಣಿ ಮಾಡಿದರು. ಬಿನೆ ಬಹಳ ಹುಷಾರಿನ ಮನುಷ್ಯ. ಈ ಅಂಕಿ ಹುಟ್ಟಿನಿಂದ ಬಂದ ಬದಲಾಗದ ಗುಣವನ್ನು ತೋರಿಸುತ್ತದೆ ಅಂತ ಅವರು ನಂಬಲಿಲ್ಲ. ಅಭ್ಯಾಸದಿಂದ ಬುದ್ಧಿ ಬೆಳೆಯುತ್ತದೆ ಅಂತ ಬರೆದರು. 1911ರಲ್ಲಿ ತೀರಿಕೊಂಡರು.

ಆಮೇಲೆ ಅದೇ ಪರೀಕ್ಷೆಯ ಕುಡಿಗಳು ಅಮೆರಿಕದಲ್ಲಿ ಬೇರೆಯೇ ಕೆಲಸಕ್ಕೆ ನಿಂತವು. ಮೊದಲ ಮಹಾಯುದ್ಧದ ಹೊತ್ತಿಗೆ ರಾಬರ್ಟ್ ಯರ್ಕಿಸ್ ನೇತೃತ್ವದಲ್ಲಿ ಸುಮಾರು 17 ಲಕ್ಷ ಸೈನಿಕರಿಗೆ ಬುದ್ಧಿಮತ್ತೆಯ ಪರೀಕ್ಷೆ ಮಾಡಿದರು. ಓದು ಬಲ್ಲವರಿಗೆ ಆಲ್ಫಾ ಅನ್ನುವ ಪರೀಕ್ಷೆ (ಮೇಲೆ ಹೇಳಿದ ಆಲ್ಫಾ ಅಂಕಿ ಅಲ್ಲ), ಬಾರದವರಿಗೆ ಚಿತ್ರಗಳ ಬೀಟಾ. ಆಲ್ಫಾದಲ್ಲಿ ಅಂಗಡಿಯಲ್ಲಿ ಮಾರುವ ಬ್ರಾಂಡುಗಳ ಬಗ್ಗೆ, ಒಬ್ಬ ಬೇಸ್‌ಬಾಲ್ ಆಟಗಾರನ ಬಗ್ಗೆ ಪ್ರಶ್ನೆಗಳಿದ್ದವು. ಬೀಟಾದಲ್ಲಿ ಚಿತ್ರ ತೋರಿಸಿ ಬಿಟ್ಟುಹೋದ ಭಾಗವನ್ನು ಬಿಡಿಸಿ ಅನ್ನುತ್ತಿದ್ದರು. ಟೆನಿಸ್ ಅಂಗಳದಲ್ಲಿ ನೆಟ್ ಇಲ್ಲ, ಗ್ರಾಮಫೋನಿಗೆ ಕಹಳೆ ಇಲ್ಲ. ಹಡಗಿಳಿದು ಬಂದು ಕೆಲವೇ ತಿಂಗಳಾದ ರೈತನ ಮಗ ಟೆನಿಸ್ ಅಂಗಳವನ್ನು ಎಲ್ಲಿ ನೋಡಿರುತ್ತಾನೆ?

ಈ ಅಂಕಿ ಬೇರೆ ಯಾವ ಕಾರಣಕ್ಕೆ ಏರಬಹುದು ಅನ್ನುವ ಪ್ರಶ್ನೆಗೆ ಉತ್ತರ ಅವರ ಕೋಷ್ಟಕದಲ್ಲೇ ಕಣ್ಣೆದುರು ಇತ್ತು. ವಲಸೆ ಬಂದವರು ಅಮೆರಿಕದಲ್ಲಿ ಹೆಚ್ಚು ವರ್ಷ ಕಳೆದಷ್ಟೂ ಸರಾಸರಿ ಸ್ಕೋರು ಏರುತ್ತಾ ಹೋಗಿತ್ತು. ಹುಟ್ಟಿನಿಂದ ಬಂದ ಬುದ್ಧಿ ಹಡಗಿಳಿದ ಮೇಲೆ ವರ್ಷ ವರ್ಷ ಹೇಗೆ ಬೆಳೆಯುತ್ತದೆ? ಆ ದೇಶದ ಪರಿಚಯವನ್ನು ಅಳೆಯುತ್ತಿದ್ದೇವೆ ಅಂತ ಅಲ್ಲೇ ನಿಲ್ಲಬೇಕಿತ್ತು. ಕಾರ್ಲ್ ಬ್ರಿಗಮ್ 1923ರ ತನ್ನ ಪುಸ್ತಕದಲ್ಲಿ ಅದನ್ನು ತಿರುಗಿಸಿ ಓದಿದರು. ಈಚೆಗೆ ಬರುತ್ತಿರುವವರೇ ಕಡಿಮೆ ಬುದ್ಧಿಯವರು ಅಂದರು. ಏಳು ವರ್ಷದ ನಂತರ, 1930ರಲ್ಲಿ, ಅದೇ ಬ್ರಿಗಮ್ ತನ್ನ ಆ ವಾದ ಪೂರ್ತಿ ಕುಸಿದಿದೆ ಅಂತ ಬಹಿರಂಗವಾಗಿ ಬರೆದರು. ಹಾಗೆ ಬರೆಯಲು ಧೈರ್ಯ ಬೇಕು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅಷ್ಟರಲ್ಲಿ 1924ರ ವಲಸೆ ಕಾನೂನು ಬಂದಾಗಿತ್ತು. ಆ ಅಂಕಿಗಳು ಕಾನೂನಿನ ಮೇಲೆ ಎಷ್ಟು ಪ್ರಭಾವ ಬೀರಿದವು ಅನ್ನುವುದರಲ್ಲಿ ಇತಿಹಾಸಕಾರರಿಗೆ ಒಮ್ಮತ ಇಲ್ಲ. ಆ ಕಾಲದ ಮಾತುಕತೆಯಲ್ಲಿ ಅವು ಓಡಾಡುತ್ತಿದ್ದದ್ದು ಮಾತ್ರ ನಿಜ.

ಇಂಥ ಅನುಭವಗಳಾದ ಮೇಲೆಯೇ ಸ್ವಲ್ಪ ಗಟ್ಟಿಯಾದ ಯೋಚನೆ ಶುರುವಾದದ್ದು. 1955ರಲ್ಲಿ ಕ್ರಾನ್‌ಬಾಕ್ ಮತ್ತು ಪಾಲ್ ಮೀಲ್ ಒಂದು ಪ್ರಬಂಧ ಬರೆದರು. ಕಾಣದ ಗುಣವನ್ನು ಅಳೆಯುತ್ತೇನೆ ಅನ್ನುವವನು ಆ ಗುಣ ಇನ್ನೇನೇನಕ್ಕೆ ಸಂಬಂಧಪಟ್ಟಿದೆ ಅಂತ ಮೊದಲು ಹೇಳಬೇಕು, ಆಮೇಲೆ ಒಂದೊಂದನ್ನೇ ಹೋಗಿ ನೋಡಬೇಕು ಅನ್ನುವುದು ಅದರ ತಿರುಳು. ನಾಲ್ಕು ವರ್ಷದ ಮೇಲೆ, 1959ರಲ್ಲಿ, ಡೊನಾಲ್ಡ್ ಕ್ಯಾಂಪ್‌ಬೆಲ್ ಮತ್ತು ಡೊನಾಲ್ಡ್ ಫಿಸ್ಕ್ ಇನ್ನೂ ಕೈಗೆ ಸಿಗುವಂಥ ಒಂದು ಉಪಾಯ ಕೊಟ್ಟರು. ಒಂದೇ ಗುಣವನ್ನು ಎರಡು ಬೇರೆ ಬೇರೆ ವಿಧಾನದಲ್ಲಿ ಅಳೆದಾಗ ಉತ್ತರ ಹೊಂದಬೇಕು. ಎರಡು ಬೇರೆ ಬೇರೆ ಗುಣಗಳನ್ನು ಒಂದೇ ವಿಧಾನದಲ್ಲಿ ಅಳೆದಾಗ ತೀರಾ ಹೊಂದಬಾರದು.

ಈ ಎರಡನೆಯ ಮಾತನ್ನು ನಾವು ಸುಲಭವಾಗಿ ಮರೆಯುತ್ತೇವೆ. ಜನರ ಪ್ರಾಮಾಣಿಕತೆಯ ಬಗ್ಗೆ ಅವರನ್ನೇ ಕೇಳಿದಿರಿ, ಅವರ ಸಂತೋಷದ ಬಗ್ಗೆಯೂ ಅವರನ್ನೇ ಕೇಳಿದಿರಿ. ಎರಡೂ ಒಟ್ಟೊಟ್ಟಿಗೆ ಏರಿದವು. ಪ್ರಾಮಾಣಿಕರು ಸಂತೋಷವಾಗಿರುತ್ತಾರೆ ಅಂತ ಬರೆದುಬಿಡುವ ಆಸೆ ಆಗುತ್ತದೆ. ಆದರೆ ಕೆಲವರಿಗೆ ಏನು ಕೇಳಿದರೂ ಹೌದು ಅನ್ನುವ ಸ್ವಭಾವ. ಕೆಲವರಿಗೆ ಎದುರಿಗೆ ಕೂತವರ ಮುಂದೆ ಚೆನ್ನಾಗಿ ಕಾಣಬೇಕು ಅನ್ನುವ ಆಸೆ. ಎರಡೂ ಕಾಲಮ್ಮಿನಲ್ಲಿ ಅದೇ ಆಸೆ ಎರಡು ಸಲ ದಾಖಲಾಗಿರಬಹುದು, ಅಲ್ವಾ?

ನನಗೆ ತುಂಬ ಇಷ್ಟವಾದ ಒಂದು ಪ್ರಯೋಗ ಇದೆ. ಮಗುವಿನ ಮುಂದೆ ಒಂದು ಮಾರ್ಷ್‌ಮೆಲೋ ಮಿಠಾಯಿ ಇಟ್ಟು, ನಾನು ಬರುವವರೆಗೆ ಕಾದರೆ ಎರಡು ಕೊಡುತ್ತೇನೆ ಅನ್ನುವ ಪರೀಕ್ಷೆ ನಿಮಗೆ ಗೊತ್ತಿರಬಹುದು. ವಾಲ್ಟರ್ ಮಿಶೆಲ್ ಅವರಿಂದ ಪ್ರಸಿದ್ಧವಾದದ್ದು. ಎಷ್ಟು ಹೊತ್ತು ಕಾಯುತ್ತದೆ ಅನ್ನುವುದನ್ನು ಆತ್ಮಸಂಯಮದ ಅಳತೆ ಅಂತ ತೆಗೆದುಕೊಂಡರು. 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು 28 ಮಕ್ಕಳ ಜೊತೆ ಒಂದು ಸಣ್ಣ ಬದಲಾವಣೆ ಮಾಡಿದರು. ಮಿಠಾಯಿಗೆ ಮುಂಚೆ ಚಿತ್ರ ಬಿಡಿಸುವ ಆಟ. ಸ್ವಲ್ಪ ಕಾಯಿ, ಇದಕ್ಕಿಂತ ಒಳ್ಳೆಯ ಬಣ್ಣಗಳನ್ನು ತರುತ್ತೇನೆ ಅಂತ ದೊಡ್ಡವರು ಹೇಳಿ ಹೋಗುತ್ತಾರೆ. ಅರ್ಧ ಮಕ್ಕಳಿಗೆ ನಿಜವಾಗಿಯೂ ತಂದುಕೊಟ್ಟರು. ಉಳಿದ ಅರ್ಧಕ್ಕೆ, ಕ್ಷಮಿಸು, ಅದು ಇಲ್ಲ ಅಂದುಬಿಟ್ಟರು. ಸ್ಟಿಕರ್ ವಿಷಯದಲ್ಲೂ ಹಾಗೇ. ಆಮೇಲೆ ಮಿಠಾಯಿಯ ಪರೀಕ್ಷೆ. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನ 14ರಲ್ಲಿ 9 ಮಕ್ಕಳು, ಎರಡನೆಯದರಲ್ಲಿ ಒಂದೇ ಒಂದು.

ಕೆಲವೇ ನಿಮಿಷದಲ್ಲಿ ಮಕ್ಕಳ ಆತ್ಮಸಂಯಮ ಬದಲಾಗಿಬಿಟ್ಟಿತೇ? ಬದಲಾದದ್ದು ನಂಬಿಕೆ. ಮಾತು ತಪ್ಪುವ ದೊಡ್ಡವರ ನಡುವೆ ಬೆಳೆದ ಮಗು ಸಿಕ್ಕಿದ್ದನ್ನು ಕೂಡಲೇ ತಿಂದರೆ ಅದು ದುರ್ಬಲ ಮನಸ್ಸಲ್ಲ, ಸರಿಯಾದ ಲೆಕ್ಕಾಚಾರ. ಮಕ್ಕಳ ಸಂಖ್ಯೆ ಕಡಿಮೆ, ಒಂದೇ ಪ್ರಯೋಗ, ಅದನ್ನೂ ನೆನಪಿಡಬೇಕು. ಆದರೆ ಆ ಗಡಿಯಾರದ ನಿಮಿಷಗಳು ಎರಡು ಕಾರಣಕ್ಕೆ ಏರಬಹುದು ಅಂತ ಅದು ಕೈಯಾರೆ ಮಾಡಿ ತೋರಿಸಿತು. ವ್ಯಾಲಿಡಿಟಿಯ ಬಗ್ಗೆ ಎಷ್ಟು ಪುಟ ಓದಿದರೂ ಇಷ್ಟು ಚೆನ್ನಾಗಿ ಮನಸ್ಸಿಗೆ ಇಳಿಯುವುದಿಲ್ಲ.

ಇದೆಲ್ಲ ಪ್ರಶ್ನಾವಳಿ, ಮಿಠಾಯಿಗಳ ವಿಷಯ ಅಂದುಕೊಳ್ಳಬೇಡಿ. ತಪ್ಪು ಅಳತೆಗೆ ಜೀವಗಳು ಹೋಗಿವೆ. ಹೃದಯಾಘಾತ ಆದ ಮೇಲೆ ಕೆಲವರ ಹೃದಯದಲ್ಲಿ ನಡುನಡುವೆ ತಪ್ಪು ಬಡಿತಗಳು ಬರುತ್ತವೆ. ಅಂಥವರಲ್ಲಿ ಸಾವು ಹೆಚ್ಚು ಅಂತ ಗೊತ್ತಿತ್ತು. ಆ ಬಡಿತಗಳನ್ನು ಅಡಗಿಸುವ ಔಷಧಿಗಳಿದ್ದವು. ಇಸಿಜಿಯಲ್ಲಿ ಬಡಿತ ಸರಿಹೋಗುವುದು ಕಾಣುತ್ತಿತ್ತು. ಅದನ್ನೇ ಒಳ್ಳೆಯದರ ಅಳತೆ ಅಂತ ಹಿಡಿದು ವೈದ್ಯರು ಬರೆದುಕೊಡುತ್ತಿದ್ದರು. ಕೊನೆಗೆ ಕ್ಯಾಸ್ಟ್ ಅನ್ನುವ ದೊಡ್ಡ ಪ್ರಯೋಗ ನಡೆಯಿತು. ಯಾರಲ್ಲಿ ಔಷಧಿ ತಪ್ಪು ಬಡಿತವನ್ನು ಅಡಗಿಸುತ್ತದೋ ಅಂಥವರನ್ನೇ ಆರಿಸಿ, ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಔಷಧಿಯಿಲ್ಲದ ಗುಳಿಗೆ ಕೊಟ್ಟರು. ಎನ್‌ಕೇನೈಡ್ ಮತ್ತು ಫ್ಲೆಕೇನೈಡ್ ತೆಗೆದುಕೊಂಡ 755 ಜನರಲ್ಲಿ 63 ಮಂದಿ ಸತ್ತರು. ಬರೀ ಗುಳಿಗೆ ತೆಗೆದುಕೊಂಡ 743 ಜನರಲ್ಲಿ 26 ಮಂದಿ. ಸರಾಸರಿ ಹತ್ತು ತಿಂಗಳಲ್ಲಿ. 1989ರಲ್ಲಿ ಆ ಎರಡು ಔಷಧಿಗಳ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಅಳತೆ ಸುಧಾರಿಸಿದ ಜನರಲ್ಲೇ ಸಾವು ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು. ಇದನ್ನು ಮೊದಲ ಸಲ ಓದಿದ ದಿನ ನಾನು ಬಹಳ ಹೊತ್ತು ಬೇರೆ ಏನನ್ನೂ ಓದಲಿಲ್ಲ.

ಯಂತ್ರಗಳ ಅಳತೆಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರು ಬೆಳಕನ್ನು ಚರ್ಮದ ಮೂಲಕ ಹಾಯಿಸಿ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುತ್ತದೆ. ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತದೆ. 2020ರಲ್ಲಿ ಅಮೆರಿಕದ ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ, ಯಂತ್ರ ಪರವಾಗಿಲ್ಲ ಅಂತ ತೋರಿಸಿದಾಗಲೂ ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿರುವ ಪ್ರಸಂಗ ಕಪ್ಪು ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಅಂತ ತೋರಿಸಿತು. ಅದರ ಹಿಂದಿನ ವರ್ಷ, 2019ರಲ್ಲಿ, ಝಿಯಾದ್ ಓಬರ್‌ಮೇಯರ್ ಮತ್ತು ಜೊತೆಗಾರರು ಒಂದು ಸಾಫ್ಟ್‌ವೇರನ್ನು ಪರಿಶೀಲಿಸಿದರು. ಯಾರಿಗೆ ಹೆಚ್ಚಿನ ಆರೈಕೆ ಬೇಕು ಅಂತ ಆರಿಸುವುದು ಅದರ ಕೆಲಸ. ಆದರೆ ಒಳಗೆ ಅದು ಊಹಿಸುತ್ತಿದ್ದದ್ದು ಯಾರ ಚಿಕಿತ್ಸೆಗೆ ಹೆಚ್ಚು ಖರ್ಚಾಗುತ್ತದೆ ಅನ್ನುವುದನ್ನು. ಆಸ್ಪತ್ರೆಗೆ ಹೋಗಲು ಅನುಕೂಲ ಇಲ್ಲದವರಿಗೆ ಖರ್ಚೂ ಕಡಿಮೆ, ಅಮೆರಿಕದ ಕಪ್ಪು ಜನರಲ್ಲಿ ಅಂಥವರು ಹೆಚ್ಚು. ಹಾಗಾಗಿ ಒಂದೇ ಸ್ಕೋರು ಬಂದ ಇಬ್ಬರಲ್ಲಿ ಕಪ್ಪು ರೋಗಿಯ ಆರೋಗ್ಯ ಹೆಚ್ಚು ಹದಗೆಟ್ಟಿರುತ್ತಿತ್ತು. ಖರ್ಚು ಅಂತ ಹೆಸರಿದ್ದಿದ್ದರೆ ಆ ಕಾಲಮ್ ಸರಿಯಾಗೇ ಇತ್ತು. ಅದಕ್ಕೆ 'ಅಗತ್ಯ' ಅಂತ ಹೆಸರಿಟ್ಟಾಗ ತಪ್ಪಾಯಿತು.

ಹಾಗಾದರೆ ಯಾವ ಅಳತೆಯನ್ನೂ ನಂಬಬಾರದಾ ಅಂತ ಕೆಲವು ಸ್ನೇಹಿತರು ಕೇಳುತ್ತಾರೆ. ನಂಬಬೇಕು, ಒಂದು ಕೆಲಸಕ್ಕೆ ಎಷ್ಟು ಬೇಕೋ ಅಷ್ಟು. ಒಂದು ಪರೀಕ್ಷೆ ಸಿಂಧು ಅಂತ ಒಮ್ಮೆ ಮೊಹರು ಒತ್ತಿಸಿಕೊಂಡರೆ ಮುಗಿಯಿತು ಅನ್ನುವ ಮಾತು ಇಲ್ಲ. ಈ ಜನರಲ್ಲಿ, ಈ ಕೆಲಸಕ್ಕೆ, ಈ ಅಂಕಿಯಿಂದ ಈ ಮಾತು ಹೇಳಬಹುದಾ ಅಂತಲೇ ಕೇಳಬೇಕು. ಸ್ಯಾಮ್ಯುಯೆಲ್ ಮೆಸಿಕ್ ಇದನ್ನು ವಿಸ್ತಾರವಾಗಿ ವಾದಿಸಿದರು. ಇದನ್ನು ಒಪ್ಪದವರೂ ಇದ್ದಾರೆ. ಡೆನ್ನಿ ಬೋರ್ಸ್‌ಬೂಮ್ ಮತ್ತು ಜೊತೆಗಾರರು 2004ರಲ್ಲಿ, ವಿಷಯ ಅದಕ್ಕಿಂತ ಸರಳ ಅಂದರು. ಆ ಗುಣ ನಿಜವಾಗಿ ಇರಬೇಕು, ಅದು ಬದಲಾದದ್ದರಿಂದಲೇ ಅಂಕಿ ಬದಲಾಗಬೇಕು, ಇಷ್ಟೇ ಸಾಕು. ನನ್ನ ಮನಸ್ಸು ಇವರ ಕಡೆ ಹೆಚ್ಚು ವಾಲುತ್ತದೆ. ಅಜ್ಜಿಯ 10ಕ್ಕೆ ಕಾರಣ ಏನು ಅಂತ ನೇರವಾಗಿ ಕೇಳುವ ವ್ಯಾಖ್ಯೆ ಇದೇ.

ನಾನು ಈಗ ಕೆಲಸದಲ್ಲಿ ಮಾಡುವುದು ದೊಡ್ಡದೇನಲ್ಲ. ಹೊಸ ಪ್ರಶ್ನಾವಳಿ ಬಂದರೆ ಸರ್ವೆಗೆ ಮುಂಚೆ ಏಳೆಂಟು ಜನರ ಜೊತೆ ಕೂರುತ್ತೇನೆ. ಪ್ರಶ್ನೆ ಓದಿ, ಉತ್ತರ ಹೇಳುವಾಗ ತಲೆಯಲ್ಲಿ ಏನು ಬಂತೋ ಅದನ್ನೂ ಬಾಯಿಬಿಟ್ಟು ಹೇಳಿ ಅಂತ ಕೇಳಿಕೊಳ್ಳುತ್ತೇನೆ. ಒಮ್ಮೆ ಆಸರೆಯ ಬಗ್ಗೆ ಒಂದು ಪ್ರಶ್ನೆ ಇತ್ತು: "ಕಷ್ಟ ಬಂದಾಗ ಸಹಾಯ ಕೇಳಲು ನಿಮಗೆ ಯಾರಾದರೂ ಇದ್ದಾರಾ?" ಒಬ್ಬರು ಎದೆಯುಬ್ಬಿಸಿ "ಇಲ್ಲ" ಅಂದರು. ಯಾಕೆ ಅಂತ ಕೇಳಿದೆ. "ನಾನು ಇವತ್ತಿನವರೆಗೆ ಯಾರ ಹತ್ತಿರವೂ ಕೈ ಚಾಚಿಲ್ಲಮ್ಮ" ಅಂದರು. ಪಕ್ಕದ ಕೋಣೆಯಲ್ಲಿ ಅವರ ಮೂರು ಮಕ್ಕಳ ಮಾತು ಕೇಳಿಸುತ್ತಿತ್ತು. ನಮ್ಮ ಹಾಳೆಯಲ್ಲಿ ಅವರು ದಿಕ್ಕಿಲ್ಲದವರು. ಅದೇ ದಿನ ಇನ್ನೊಬ್ಬರು "ಇದ್ದಾರೆ" ಅಂದರು. ಅವರ ಮನಸ್ಸಿನಲ್ಲಿದ್ದದ್ದು ಸಂಬಳಕ್ಕೆ ಬಂದು ಹೋಗುವ ನರ್ಸ್. ಆ ಪ್ರಶ್ನೆಯ ಮಾತು ಬದಲಿಸಿದೆವು. ಏಳೆಂಟು ಜನ, ಒಂದು ಮಧ್ಯಾಹ್ನ, ಅಷ್ಟೇ ಹಿಡಿದದ್ದು.

ಖಿನ್ನತೆಯ ಸರ್ವೆ ಎರಡು ವರ್ಷದ ನಂತರ ಇನ್ನೊಂದು ಸುತ್ತು ನಡೆಯಿತು. ಒಂಬತ್ತು ಪ್ರಶ್ನೆಗಳನ್ನು ಮುಟ್ಟುವ ಹಾಗಿರಲಿಲ್ಲ, ಮುಟ್ಟಿದರೆ ಮೊದಲ ಸುತ್ತಿನ ಜೊತೆ ಹೋಲಿಸಲು ಆಗುವುದಿಲ್ಲ. ಆದರೆ ದೇಹಕ್ಕೆ ಸಂಬಂಧಿಸಿದ ಪ್ರಶ್ನೆಗಳ ಉತ್ತರಗಳಿಗೆ ಕೊನೆಯಲ್ಲಿ ಒಂದೊಂದು ಖಾಲಿ ಸಾಲು ಸೇರಿಸೋಣ ಅಂತ ಕೇಳಿದೆ. ಯಾಕೆ ಅಂತ ಅವರೇ ಹೇಳಿದರೆ ಬರೆದುಕೊಳ್ಳಲು. ಒಪ್ಪಿದರು. ಈ ಸಲ ಆ ಸಾಲಿಗೆ ಕಂಪ್ಯೂಟರಿನಲ್ಲಿ ಕಾಲಮ್ಮೂ ಇತ್ತು.

ಮೊದಲ ದಿನದ ಹಾಳೆಗಳು ಸಂಜೆ ಕೈಗೆ ಬಂದಾಗ ಮೊತ್ತ ನೋಡಲಿಲ್ಲ. ನಿದ್ದೆಯ ಸಾಲುಗಳನ್ನೇ ಒಂದೊಂದಾಗಿ ಓದಿದೆ. ಕೂಸು ಅಳುತ್ತೆ. ರಾತ್ರಿ ಪಾಳಿ. ಮೂತ್ರಕ್ಕೆ ಏಳಬೇಕು. ಮಂಡಿ ನೋವು. ಪರೀಕ್ಷೆ ಇದೆ. ಕೆಮ್ಮು. ಆಮೇಲೆ ಒಂದು ಹಾಳೆಯಲ್ಲಿ, ಮೊತ್ತ ಬರೀ 8 ಇದ್ದದ್ದರಲ್ಲಿ, ಪ್ರಶ್ನೆ ಕೇಳಿದ ಹುಡುಗಿ ಸಣ್ಣ ಅಕ್ಷರದಲ್ಲಿ ಬರೆದುಕೊಂಡಿದ್ದಳು: "ಸುಮ್ನೆ ಎಚ್ಚರ ಆಗುತ್ತೆ. ಆಮೇಲೆ ಬೆಳಗಾಗೋದೇ ಬೇಡ ಅನ್ನಿಸುತ್ತೆ."

ಆ ಹಾಳೆಯನ್ನು ಬೇರೆ ತೆಗೆದಿಟ್ಟು, ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಡಾಕ್ಟರಿಗೆ ಆಗಲೇ ಫೋನ್ ಮಾಡಿದೆ.